ಬಾಯ್ಲರ್ ಮನೆಯ ವರದರಾಜು

ವರದರಾಜು ಅವರು ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಕತ್ತೆತ್ತಿ ಗೋಡೆ ನೋಡುತ್ತಿದ್ದರು. ಮನುಷ್ಯರ ಮುಖ ನೋಡುವುದು ಆಮೇಲೆ. ಗೋಡೆಯಲ್ಲೋ ಸೂರಿನ ಕೆಳಗೋ ಒಂದು ಕೊಳವೆ ಕಂಡರೆ ಅದರ ಬಾಯಿ ಯಾವ ಕಡೆಗಿದೆ ಎಂದು ಹುಡುಕಿ, ಅದಕ್ಕೆ ಎದುರಾಗಿ ಯಾರಾದರೂ ಕೂತಿದ್ದರೆ ತೋಳು ಹಿಡಿದು ಎಬ್ಬಿಸಿ ಪಕ್ಕಕ್ಕೆ ಕೂರಿಸುತ್ತಿದ್ದರು. ಅದಾದ ಮೇಲೆಯೇ "ಏನ್ ಸಮಾಚಾರ?" ಎಂಬ ಮಾತು. ಮಳೆನೀರು ಬೀಳುವ ತಗಡಿನ ಕೊಳವೆಯಾದರೂ ಅಷ್ಟೆ. ನೋಡಿದವರು ಈ ಮನುಷ್ಯನಿಗೆ ಸ್ವಲ್ಪ ಲೂಸು ಎಂದುಕೊಳ್ಳುತ್ತಿದ್ದರು. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಅವರು ನಮ್ಮ ಕಾರ್ಖಾನೆಗೆ ಬಾಯ್ಲರ್ ಫೋರ್‌ಮನ್ ಆಗಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಯಶವಂತಪುರ ದಾಟಿ ಜಾಲಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಈಗ ಆ ಜಾಗದಲ್ಲಿ ಬೇರೇನೋ ಇದೆ. ನಾನು ಮತ್ತಿಕೆರೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಗಂಡ ಬೇಗ ಹೋದರು. ನೂಲು ತೊಳೆಯುವ ವಿಭಾಗದ ಹೆಂಗಸರ ಮೇಲ್ವಿಚಾರಣೆಯ ಕೆಲಸ ಸಿಕ್ಕಿತ್ತು. ಬ್ಯಾಟರಾಯನಪುರ, ಕೊಡಿಗೇಹಳ್ಳಿ, ಹೆಬ್ಬಾಳದಿಂದೆಲ್ಲ ಹೆಂಗಸರು ನಡೆದುಕೊಂಡೇ ಕೆಲಸಕ್ಕೆ ಬರುತ್ತಿದ್ದ ಕಾಲ. ಕೈಗೂಸಿದ್ದವರು ಕೂಸನ್ನೂ ಕಟ್ಟಿಕೊಂಡು ಬರುತ್ತಿದ್ದರು.

ವರದರಾಜು ಯಶವಂತಪುರದ ಹಳೆಯ ಮನೆತನದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಯೌವನದಲ್ಲಿ ಆಂಧ್ರದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಪರೀಕ್ಷೆ ಕಟ್ಟಿ, ಬಾಯ್ಲರ್ ನಡೆಸುವ ಮೊದಲ ದರ್ಜೆಯ ಸರ್ಟಿಫಿಕೇಟು ಗಳಿಸಿದ್ದರು. ಅದಕ್ಕೆ ಗಾಜು ಹಾಕಿಸಿ ಬಾಯ್ಲರ್ ಮನೆಯ ಗೋಡೆಗೆ ತೂಗುಹಾಕಿ, ಪ್ರತಿ ಶುಕ್ರವಾರ ಲಕ್ಷ್ಮಿಯ ಪಟಕ್ಕೆ ಒಂದು ಹೂವು, ಸರ್ಟಿಫಿಕೇಟಿಗೆ ಒಂದು ಹೂವು ಇಡುತ್ತಿದ್ದರು. ವಿನಯ ಎನ್ನುವುದು ಅವರ ಹತ್ತಿರ ಸುಳಿದದ್ದಿಲ್ಲ. ಕಲ್ಲಿದ್ದಲ ಧೂಳಿನ ನಡುವೆಯೂ ಇಸ್ತ್ರಿಯ ಗೆರೆ ಕೆಡದ ಖಾಕಿ ಪ್ಯಾಂಟು, ಕತ್ತರಿಸಿ ಒಪ್ಪ ಮಾಡಿದ ಮೀಸೆ, ಕಿವಿಯ ಹಿಂದೆ ಅತ್ತರು. "ಬೆಂಗಳೂರ್ನಲ್ಲಿ ನನ್ನಷ್ಟು ಬಾಯ್ಲರ್ ತಿಳ್ದೋರು ಇದ್ರೆ ಕರ್ಕೊಂಡ್ ಬನ್ನಿ, ಕಾಫಿ ಕೊಡಿಸ್ತೀನಿ" ಎಂದು ಹೇಳುತ್ತಿದ್ದರು. ಹಾಗೆ ಹೇಳುವಾಗ ನಗುತ್ತಲೂ ಇರಲಿಲ್ಲ.

ಬಂದ ವಾರದಲ್ಲೇ ಅವರಿಗೂ ನನಗೂ ಜಗಳವಾಯಿತು.

ಬಾಯ್ಲರಿನ ನೆತ್ತಿಯ ಮೇಲೆ ಸೇಫ್ಟಿ ವಾಲ್ವ್ ಎಂಬುದೊಂದು ಇರುತ್ತದೆ. ಒಳಗೆ ಆವಿಯ ಒತ್ತಡ ಮಿತಿ ಮೀರಿದರೆ ಅದು ತಾನಾಗಿ ತೆರೆದುಕೊಂಡು ಆವಿಯನ್ನು ಹೊರಗೆ ಬಿಡುತ್ತದೆ. ಹಾಗೆ ಬಿಟ್ಟ ಆವಿ ಹೊರಹೋಗಲು ಒಂದು ಕೊಳವೆ. ನಮ್ಮಲ್ಲಿ ಆ ಕೊಳವೆ ಬಾಯ್ಲರ್ ಮನೆಯ ಗೋಡೆ ತೂರಿಕೊಂಡು ಹಿತ್ತಲಿಗೆ ಬಂದು, ಆಳೆತ್ತರದಲ್ಲಿ ಅಂಗಳಕ್ಕೆ ಮುಖಮಾಡಿ ನಿಂತಿತ್ತು. ಯಾರು ಯಾವಾಗ ಹಾಗೆ ಹಾಕಿದರೋ ತಿಳಿಯದು. ಗೋಡೆಯ ಆಚೆ ಬೆಂಕಿ ಇದ್ದದ್ದರಿಂದ ಈಚೆ ಯಾವಾಗಲೂ ಬೆಚ್ಚಗಿರುತ್ತಿತ್ತು, ಮೇಲೆ ಅಗಲವಾದ ಸೂರು ಬೇರೆ. ನಮ್ಮ ಹೆಂಗಸರು ಬುತ್ತಿ ಬಿಚ್ಚುವುದು ಅಲ್ಲೇ. ಅವರು ನೋಡಿದಂತೆ ಆ ಕೊಳವೆಯಿಂದ ಏನೂ ಬಂದದ್ದೇ ಇಲ್ಲ.

ವರದರಾಜು ಬಂದವರೇ ಎಲ್ಲರನ್ನೂ ಎಬ್ಬಿಸಿ ಓಡಿಸಿದರು. ಬಾಯಿಗಿಟ್ಟ ತುತ್ತು ಕೈಯಲ್ಲೇ ಉಳಿದವರೂ ಇದ್ದರು. ನಾನು ಹೋಗಿ, ಹೆಂಗಸರ ಹತ್ತಿರ ಮಾತಾಡುವ ರೀತಿ ಇದಲ್ಲ ಎಂದೆ. ಅವರು ಕೊಳವೆ ತೋರಿಸಿದರು. ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದೆ.

"ಆಗಿಲ್ಲ ಅನ್ನೋದೇ ನನಗೆ ಭಯ ರುಕ್ಮಿಣಮ್ಮನೋರೇ. ಆಗಾಗ ಬುಸ್ ಅಂದಿದ್ರೆ ನಿಮ್ಮೋರು ತಾವೇ ದೂರ ಇರ್ತಿದ್ರು" ಎಂದರು.

ಮತ್ತೆ ಎಲ್ಲಿ ಕೂರಬೇಕು ಅವರು ಎಂದು ಕೇಳಿದೆ. ಅವರು ಸುಣ್ಣ ತರಿಸಿ, ಕೊಳವೆಯ ಬಾಯಿಗೆ ಎದುರಾಗಿ ಅಂಗಳದಲ್ಲಿ ತಾವೇ ಒಂದು ಗೆರೆ ಎಳೆದರು. ಈ ಗೆರೆಯೊಳಗೆ ಯಾರೂ ಬರಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮ್ಯಾನೇಜರ್ ನರಸಿಂಹಮೂರ್ತಿಯವರಿಗೂ ಹೇಳಿ ಬಂದರು. ಕೊಳವೆಯನ್ನು ಚಾವಣಿಯ ಮೇಲಕ್ಕೆ ತಿರುಗಿಸಬೇಕು, ಅದಕ್ಕೆ ಬಾಯ್ಲರ್ ಆರಿಸಬೇಕು. ಮೂರ್ತಿಯವರು ದಸರೆಗೆ ಹೇಗೂ ಕಾರ್ಖಾನೆ ನಿಲ್ಲುತ್ತದೆ, ಆಗ ಮಾಡಿಸೋಣ ಎಂದರು. ತೀರ ತಪ್ಪು ಮಾತೇನೂ ಅಲ್ಲ. ವರದರಾಜು ಒಪ್ಪಿಕೊಂಡರು.

ಬಿಸಿಲಿರುವ ತನಕ ಗೆರೆಗೆ ಮರ್ಯಾದೆ ಇತ್ತು. ಹೆಂಗಸರು ನೀಲಗಿರಿ ಮರದ ಬುಡದಲ್ಲಿ ಕೂತು ಉಂಡರು. ಮಳೆಗಾಲ ಹಿಡಿದ ಮೇಲೆ ಸುಣ್ಣದ ಗೆರೆ ತೊಳೆದು ಹೋಯಿತು. ಹಿತ್ತಲಿನಲ್ಲಿ ಒಣಗಿದ ಜಾಗ ಎಂದರೆ ಆ ಸೂರಿನ ಕೆಳಗೆ ಮಾತ್ರ. ಒಬ್ಬೊಬ್ಬರಾಗಿ ಮತ್ತೆ ಅಲ್ಲಿಗೇ ಬಂದರು. ನಾನು ಬೇಡವೆಂದರೆ ಬ್ಯಾಟರಾಯನಪುರದ ಗೌರಮ್ಮ, "ಬ್ಯಾಡ ಅಂದ್ರೆ ಇಂಗ್ ಮಳೇಲಿ ನಾವೆಲ್ ಕೂತ್ಕಳಾಣಕ್ಕ? ಮಗೀಗೆ ಸಳಿ ಆಯ್ತದೆ" ಎನ್ನುತ್ತಿದ್ದಳು. ಅವಳ ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಆ ದಿನ ಬೆಳಗಿನಿಂದ ಜಡಿಮಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಫಕ್ಕನೆ ಕರೆಂಟು ಹೋಯಿತು. ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ನೂಲು ಒಣಗಿಸುವ ಕಡೆಯವರು, ಬಣ್ಣದ ತೊಟ್ಟಿಗಳ ಕಡೆಯವರು, ಎಲ್ಲರೂ ಆವಿಯ ತಿರುಪುಗಳನ್ನು ಮುಚ್ಚಿದರು. ಆದರೆ ಬಾಯ್ಲರಿನ ಒಲೆಗೆ ಆಗಷ್ಟೇ ಹೊಸದಾಗಿ ಕಲ್ಲಿದ್ದಲು ಸುರಿದಿದ್ದರು. ಬೆಂಕಿ ಧಗಧಗಿಸುತ್ತಿದೆ, ಆವಿ ತಯಾರಾಗುತ್ತಲೇ ಇದೆ, ಅದನ್ನು ತೆಗೆದುಕೊಳ್ಳುವವರು ಯಾರೂ ಇಲ್ಲ. ಇದೆಲ್ಲ ನನಗೆ ಆಮೇಲೆ ಅವರು ಬಿಡಿಸಿ ಹೇಳಿದ್ದು. ನನಗೆ ಆಗ ಕಂಡದ್ದು ಇಷ್ಟೇ: ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ಬಾಯ್ಲರ್ ಮನೆಯಿಂದ ವರದರಾಜು ಮಳೆಯಲ್ಲಿ ಓಡಿ ಬಂದರು. ಆ ಮನುಷ್ಯ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಒಳಗೆ ಒತ್ತಡದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿದ್ದುದನ್ನು ಕಂಡು, ಬೆಂಕಿಗೆ ಗಾಳಿ ನಿಲ್ಲಿಸು, ಬಾಯ್ಲರಿಗೆ ನೀರು ಕೊಡು ಎಂದು ಒಲೆಗೆ ಕಲ್ಲಿದ್ದಲು ಹಾಕುವ ಬೆಂಕಿಯವನಿಗೆ ಹೇಳಿ ಅವರು ಹೊರಬಿದ್ದಿದ್ದರು. ವಾಲ್ವ್ ತೆರೆಯುವುದು ಖಚಿತವಾಗಿತ್ತು. ಅದನ್ನು ತಡೆಯುವಂತಿಲ್ಲ, ತಡೆದರೆ ಬಾಯ್ಲರೇ ಸಿಡಿಯುತ್ತದೆ. ಕೊಳವೆಯ ಎದುರಿಗಿರುವವರನ್ನು ಸರಿಸುವುದೊಂದೇ ಉಳಿದ ಕೆಲಸ.

"ಏಳ್ರಿ, ಏಳ್ರಿ, ಆ ಕಡೆ ಹೋಗ್ರಿ" ಎಂದು ಕೂಗುತ್ತ ಅವರು ಸೂರಿನ ಕೆಳಗೆ ನುಗ್ಗಿದರು. ಹೆಂಗಸರು ಬುತ್ತಿಗಳನ್ನು ಬಿಟ್ಟು ಎದ್ದರು. ನಾನೂ ಓಡಿಹೋಗಿ ಕೈಗೆ ಸಿಕ್ಕವರನ್ನು ಎಳೆದೆ. ಎಲ್ಲರೂ ಬಂದರು ಅಂದುಕೊಳ್ಳುವಾಗ ಗೌರಮ್ಮ ಬಾಯಿ ತೆರೆದುಕೊಂಡು ಹಿಂದಕ್ಕೆ ಕೈ ತೋರಿಸಿದಳು. ಕೊಳವೆ ಗೋಡೆಯಿಂದ ಹೊರಬಂದು ಬಾಗುವ ಕಡೆ ಒಂದು ಹಳೆಯ ಸೀರೆ ಕಟ್ಟಿತ್ತು. ಕೂಸು ಅದರೊಳಗೆ ಮಲಗಿತ್ತು. ಬೆಚ್ಚಗಿರಲಿ ಎಂದು ಅವಳು ಆ ಕೊಳವೆಗೇ ಜೋಲಿ ಕಟ್ಟಿದ್ದಳು.

ವರದರಾಜು ಆಗಲೇ ಜೋಲಿಯ ಹತ್ತಿರ ಇದ್ದರು. ಗಂಟು ಬಿಚ್ಚಲು ಹೋಗಲಿಲ್ಲ. ಸೀರೆಯೊಳಗೆ ಎರಡೂ ಕೈ ಹಾಕಿ ಕೂಸನ್ನು ಎತ್ತಿಕೊಂಡು, ಎದೆಗೆ ಒತ್ತಿಕೊಂಡು, ಕೊಳವೆಗೆ ಬೆನ್ನು ತಿರುಗಿಸಿದರು. ಅದೇ ಗಳಿಗೆಗೆ ವಾಲ್ವ್ ತೆರೆಯಿತು.

ಆ ಶಬ್ದವನ್ನು ನಾನು ಏನೆಂದು ಹೇಳಲಿ. ಕಿವಿಯಲ್ಲಿ ಕೇಳಿಸಿದ್ದಕ್ಕಿಂತ ಹೊಟ್ಟೆಯಲ್ಲಿ ಕೇಳಿಸಿತು. ಮೊದಲು ಬಂದದ್ದು ಆವಿಯಲ್ಲ, ನೀರು. ಕೊಳವೆಯ ತಗ್ಗಿನಲ್ಲಿ ಎಷ್ಟೋ ದಿನದಿಂದ ನಿಂತಿದ್ದ ನೀರು, ಹಿಂದಿನಿಂದ ನುಗ್ಗಿದ ಆವಿಯ ಹೊಡೆತಕ್ಕೆ ಕುದಿದು ಚಿಮ್ಮಿತು. ಅದು ಅವರ ಎಡ ಭುಜದ ಮೇಲೆ, ತೋಳಿನ ಮೇಲೆ ಬಿತ್ತು. ಅದರ ಹಿಂದೆ ಆವಿ ಬಂದು ಅಂಗಳವೆಲ್ಲ ಬೆಳ್ಳಗಾಯಿತು. ಅವರೆಲ್ಲಿ, ಕೂಸೆಲ್ಲಿ, ಏನೂ ಕಾಣಲಿಲ್ಲ. ಗೌರಮ್ಮನನ್ನು ನಾನು ಸೊಂಟ ಹಿಡಿದು ತಡೆದಿದ್ದೆ. ಅವಳು ನನ್ನ ಕೈ ಕಚ್ಚಿದಳು.

ಆ ಬಿಳುಪಿನ ಒಂದು ಪಕ್ಕದಿಂದ ಅವರು ಗೋಡೆ ಸವರಿಕೊಂಡು ಬಾಗಿಕೊಂಡೇ ಹೊರಬಂದರು. ಕೂಸನ್ನು ಗೌರಮ್ಮನಿಗೆ ಕೊಟ್ಟರು. ಅದು ಕಿರುಚುತ್ತಿತ್ತು, ಅದಕ್ಕೆ ಎಲ್ಲೂ ಏನೂ ಆಗಿರಲಿಲ್ಲ. ಅವರು ಮಳೆಯಲ್ಲೇ ನೆಲದ ಮೇಲೆ ಕೂತರು. ಅಂಗಿಯನ್ನು ಯಾರೂ ಎಳೆಯಬೇಡಿ, ಚರ್ಮವೂ ಕಿತ್ತು ಬರುತ್ತದೆ, ಹಾಗೇ ನೀರು ಹುಯ್ಯಿರಿ ಎಂದು ಹೇಳಿದರು. ನಾವು ಬಕೀಟಿನಿಂದ ತಣ್ಣೀರು ಹುಯ್ಯುತ್ತ ಕೂತೆವು. ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಕಂಪನಿಯ ವ್ಯಾನು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಯಿತು.

ಅವರು ಆಸ್ಪತ್ರೆಯಲ್ಲಿದ್ದಾಗ ಮ್ಯಾನೇಜರ್ ಮೂರ್ತಿಯವರು ಒಂದು ತೀರ್ಮಾನಕ್ಕೆ ಬಂದರು. ಅವರು ಕೆಟ್ಟವರಲ್ಲ. ಆ ಘಟನೆಯಿಂದ ನಮ್ಮೆಲ್ಲರಷ್ಟೇ ಹೆದರಿದ್ದರು, ಆ ಜೋಲಿಯನ್ನು ತಾವೇ ಬಿಚ್ಚಿ ತೆಗೆದಿದ್ದರು. ಆದರೆ ಹೆದರಿಕೆಯಲ್ಲಿ ಅವರಿಗೆ ಹೊಳೆದದ್ದು ಕೊಳವೆಯ ತುದಿಗೆ ನಲ್ಲಿಯಂಥ ಒಂದು ತಿರುಪು ಹಾಕಿಸುವುದು. ಹಿತ್ತಲಿನಲ್ಲಿ ಜನ ಇದ್ದಾಗ ಮುಚ್ಚುವುದು, ಇಲ್ಲದಾಗ ತೆರೆಯುವುದು. ದಸರೆ ಬರುವ ತನಕ ಅಷ್ಟು ಸಾಕು ಎಂದು ಫಿಟ್ಟರಿಗೆ ಹೇಳಿ ತಿರುಪು ಕೂರಲು ಕೊಳವೆಯ ತುದಿಗೆ ಮರೆ, ಎಂದರೆ ಸುರುಳಿ ಗೆರೆ, ಕೊರೆಸಿ, ತಿರುಪನ್ನೂ ತಂದು ಹಾಕಿಸಿದರು. ಕೇಳಲು ನನಗೂ ಸರಿಯಾಗಿಯೇ ಕಂಡಿತು. ಮುಚ್ಚಿದರೆ ಆವಿ ಬರುವುದಿಲ್ಲ ತಾನೆ?

ಮರುದಿನ ಬೆಳಗ್ಗೆ ಬಾಯ್ಲರಿಗೆ ಬೆಂಕಿ ಹಚ್ಚುವ ಹೊತ್ತಿಗೆ ಗೇಟಿನಲ್ಲಿ ಜಟಕಾ ನಿಂತಿತು. ವರದರಾಜು ಇಳಿದರು. ತೋಳು, ಭುಜ, ಕತ್ತಿನ ತನಕ ಬ್ಯಾಂಡೇಜು. ಅಂಗಿ ತೊಡಲಾಗದೆ ಪಂಚೆ ಹೊದ್ದಿದ್ದರು. ಆಸ್ಪತ್ರೆಯಲ್ಲಿ ನೋಡಲು ಹೋಗಿದ್ದ ಬೆಂಕಿಯವನಿಂದ ತಿರುಪಿನ ವಿಷಯ ತಿಳಿದು, ಡಾಕ್ಟರು ಬೇಡವೆಂದರೂ ಎದ್ದು ಬಂದಿದ್ದರು. ನೆಟ್ಟಗೆ ಹೋಗಿ ಒಲೆಯ ಬಾಗಿಲಿಗೆ ಅಡ್ಡವಾಗಿ ಒಂದು ಸ್ಟೂಲು ಹಾಕಿಕೊಂಡು ಕೂತರು.

ಮೂರ್ತಿಯವರು ಬಂದರು. ನಾನೂ ಕೆಲವು ಹೆಂಗಸರೂ ಬಾಗಿಲಲ್ಲಿ ನಿಂತಿದ್ದೆವು. ಮೂರ್ತಿಯವರು ಮೆಲ್ಲಗೇ ಮಾತಾಡಿದರು. ನೀವು ಮಾಡಿದ್ದನ್ನು ಯಾರೂ ಮರೆಯುವುದಿಲ್ಲ, ಮನೆಗೆ ಹೋಗಿ ಮಲಗಿ ಎಂದರು. ವರದರಾಜು ತಿರುಪನ್ನು ತೆಗೆಸದೆ ಏಳುವುದಿಲ್ಲ ಎಂದರು.

"ವಾಲ್ವ್ ತೆರ್ಕೊಳ್ತದೆ, ಕೊಳವೆ ಮುಚ್ಚಿರ್ತದೆ. ಆವಿ ಎಲ್ಲಿಗ್ ಹೋಗ್ಬೇಕು ಸ್ವಾಮಿ? ಮೊನ್ನೆ ಕೊಳವೆ ಮುಂದೆ ಇದ್ದೋರಿಗೆ ಅಪಾಯ ಇತ್ತು. ಇದು ಇದ್ರೆ ಈ ಕಾರ್ಖಾನೇಲಿ ಇರೋರ್ಗೆಲ್ಲ ಅಪಾಯ."

"ಜನ ಇಲ್ಲದಾಗ ತೆರೆದಿಡ್ತೀವಲ್ಲ?"

"ತೆರಿಯೋನು ಮರೆತ್ರೆ?"

ಮೂರ್ತಿಯವರಿಗೆ ಮೇಲಿನಿಂದ ಒತ್ತಡವಿತ್ತು. ಮಾಲು ಹೊರಡಬೇಕಿತ್ತು. ದನಿ ಏರಿತು. ಬೇರೆ ಫೋರ್‌ಮನ್ ಕರೆಸಿ ಬೆಂಕಿ ಹಚ್ಚಿಸಲು ನನಗೆ ಬರುತ್ತದೆ, ನಿಮ್ಮ ಕೆಲಸ ಹೋಗುತ್ತದೆ ಎಂದರು. ವರದರಾಜು ಗೋಡೆಯ ಮೇಲಿನ ತಮ್ಮ ಸರ್ಟಿಫಿಕೇಟನ್ನು ತೋರಿಸಿ, ಕೆಳಗಿಳಿಸಿ ಕೊಟ್ಟುಬಿಡಿ, ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತೇನೆ ಎಂದರು. ಯಾರೂ ನಗಲಿಲ್ಲ. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಕೂತಲ್ಲೇ ವಾಲುತ್ತಿದ್ದರು.

ನಾನು ಒಳಗೆ ಹೋದೆ. ಆ ತಿರುಪು ಇರುವ ತನಕ ತೊಳೆಯುವ ಕೋಣೆಗೆ ನನ್ನ ಹೆಂಗಸರನ್ನು ಬಿಡುವುದಿಲ್ಲ, ಎಲ್ಲರನ್ನೂ ಗೇಟಿನ ಹೊರಗೆ ನಿಲ್ಲಿಸುತ್ತೇನೆ ಎಂದೆ. ನನ್ನ ಸಂಸಾರ ನಡೆಯುತ್ತಿದ್ದದ್ದೇ ಆ ಕೆಲಸದಿಂದ.

ಮೂರ್ತಿಯವರು ಕನ್ನಡಕ ತೆಗೆದರು. ಒರೆಸಿಕೊಂಡರು. ಕೊಳವೆಯ ಕಡೆ ನೋಡಿ, "ಸರಿಯಾಗಿ ಮಾಡೋಕೆ ಏನೇನ್ ಬೇಕು ಹೇಳಿ" ಎಂದರು. ಆಮೇಲೆ ಆಫೀಸಿಗೆ ಹೋಗಿ ಮಾಲೀಕರಿಗೆ ಫೋನು ಮಾಡಿದರು. ಒಳಗಿನಿಂದ ಅವರ ದನಿ ಏರಿದ್ದು ಅಂಗಳಕ್ಕೆ ಕೇಳಿಸಿತು. ಈ ಸಲ ಅದು ನಮ್ಮ ಪರವಾಗಿತ್ತು.

ಕೆಲಸ ಮುಗಿಯುವ ತನಕ ಬಾಯ್ಲರ್ ತಣ್ಣಗಿತ್ತು. ವರದರಾಜು ಸ್ಟೂಲಿನ ಮೇಲೆ ಕೂತು ಫಿಟ್ಟರುಗಳ ಪ್ರಾಣ ತಿಂದರು. ಹೊಸ ಕೊಳವೆ ವಾಲ್ವಿನ ಬಾಯಿಗಿಂತ ಒಂದಿಷ್ಟು ದಪ್ಪಗಿರಬೇಕು, ಸಣ್ಣದಂತೂ ಆಗಲೇಕೂಡದು. ನೆಟ್ಟಗೆ ಚಾವಣಿ ದಾಟಿ ಮೇಲಕ್ಕೆ ಹೋಗಬೇಕು, ಬಾಗುಬಳುಕು ಬೇಡ. ಅದರ ಭಾರ ವಾಲ್ವಿನ ಮೇಲೆ ಬೀಳದಂತೆ ಗೋಡೆಗೆ ಕಬ್ಬಿಣದ ತೋಳು ಕೊಟ್ಟು ಹಿಡಿಸಬೇಕು. ತಳದಲ್ಲಿ ನೀರು ನಿಲ್ಲದಂತೆ ಸಣ್ಣ ಕೊಳವೆಯೊಂದು ಸದಾ ತೆರೆದಿದ್ದು ನೀರನ್ನು ಚರಂಡಿಗೆ ಬಿಡಬೇಕು. "ಮೊನ್ನೆ ನನ್ನ ಸುಟ್ಟಿದ್ದು ಈ ನಿಂತ ನೀರೇ" ಎಂದರು. ಮೇಲಿನ ತುದಿಯನ್ನು ಓರೆಯಾಗಿ ಕತ್ತರಿಸಿ ಎಂದರು, ಮರೆ ಕೊರೆಯಬೇಡಿ ಎಂದರು. ಏಕೆಂದು ಫಿಟ್ಟರ್ ಕೇಳಿದ. "ಮರೆ ಇದ್ರೆ ನಾಳೆ ಇನ್ಯಾರೋ ಬಂದು ಮುಚ್ಚಳ ತಿರುಗಿಸ್ತಾರೆ ಕಣೋ. ಆಗ ನಾನಿರಲ್ಲ."

ನಾನೂ ನನ್ನದೊಂದನ್ನು ಸೇರಿಸಿದೆ. ಹೆಂಗಸರಿಗೆ ಕೂರಲು ಅಂಗಳದ ಆಚೆ ಬದಿಗೆ ತಗಡಿನ ಮಾಡು ಬೇಕು, ಜೋಲಿ ಕಟ್ಟಲು ಮರದ ತೊಲೆ ಬೇಕು. ವರದರಾಜು, ಗೆರೆ ಎಳೆದಾಗ ತನಗೆ ಇದು ಹೊಳೆಯಲಿಲ್ಲ ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಪರೀಕ್ಷೆಯ ದಿನ ಮೊದಲ ಸಲ ಎಲ್ಲರನ್ನೂ ಗೇಟಿನ ಹೊರಗೆ ಕಳಿಸಿ ವಾಲ್ವ್ ತೆರೆಯುವ ತನಕ ಒತ್ತಡ ಏರಿಸಿದರು. ಆವಿಯ ಹೊಡೆತಕ್ಕೆ ಕೊಳವೆಯ ಮೇಲುಭಾಗ ಅದುರಿತೆಂದು ಇನ್ನೊಂದು ತೋಳು ಕೊಡಿಸಿದರು. ಎರಡನೆಯ ಸಲ ಒತ್ತಡ ನೋಡುವ ಕೆಲಸವನ್ನು ಬೆಂಕಿಯವನಿಗೆ ಒಪ್ಪಿಸಿ, ತಾವು ಆ ಹಳೆಯ ಸೂರಿನ ಕೆಳಗೆ ಹೋಗಿ ಕೂತರು. ಎಷ್ಟೇ ಹೇಳಿದರೂ ಮಳೆ ಬಂದರೆ ಜನ ಇಲ್ಲಿಗೆ ಬಂದೇ ಬರುತ್ತಾರೆ, ಇಲ್ಲಿ ಹೇಗಿರುತ್ತದೆ ಎಂದು ತಿಳಿಯಬೇಕು ಎಂಬುದು ಅವರ ವಾದ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಎದ್ದು ಹೋಗಿ ಎಂದು ಗದರಿದರು. ನಾಳೆ ಹೆಂಗಸರಿಗೆ ಧೈರ್ಯ ಹೇಳಬೇಕಾದವಳು ನಾನು, ಏಳುವುದಿಲ್ಲ ಎಂದೆ.

ಕಾಯುವುದು ಬಹಳ ಕಷ್ಟವಾಗಿತ್ತು. ಗೋಡೆಯ ಹಿಂದೆ ಬೆಂಕಿ ಮೊರೆಯುತ್ತಿತ್ತು. ವಾಲ್ವ್ ತೆರೆದಾಗ ನೆಲವೇ ನಡುಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಮೈಮೇಲೆ ಒಂದು ಹನಿಯೂ ಇಲ್ಲ. ಮಾಡಿನ ಮೇಲೆ ಬೆಳ್ಳನೆಯ ಆವಿ ಕಂಬದ ಹಾಗೆ ಎದ್ದು ಯಶವಂತಪುರದ ಕಡೆಗೆ ವಾಲುತ್ತಿತ್ತು. ಚರಂಡಿಗೆ ಒಂದಿಷ್ಟು ನೀರು ತೊಟ್ಟಿಕ್ಕುತ್ತಿತ್ತು. ಸಂತೋಷದಿಂದ ಅವರ ಕಡೆ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು. ಸರಿಯಿದ್ದ ಕೈಯಿಂದ ಕೂತಿದ್ದ ಕಲ್ಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಶಬ್ದ ನಿಂತ ಮೇಲೂ ಆ ಕೈ ಸಡಿಲವಾಗಲಿಲ್ಲ.

ಆವತ್ತು ಅವರು ಹೇಳಿದರು. ಸಕ್ಕರೆ ಕಾರ್ಖಾನೆಯಲ್ಲಿ ಅವರಿಗೊಬ್ಬ ಗೆಳೆಯನಿದ್ದ, ಸೂರ್ಯನಾರಾಯಣ. ಮಾಡಿನ ತಗಡು ತುಕ್ಕು ಹಿಡಿಯುತ್ತದೆಂದು ಅಲ್ಲಿ ಯಾರೋ ವಾಲ್ವಿನ ಕೊಳವೆಯನ್ನು ಕೆಳಕ್ಕೆ ಬಗ್ಗಿಸಿದ್ದರು. ಅದರ ಕೆಳಗಿನ ಬೆಂಚಿನ ಮೇಲೆ ಅವನು ಊಟವಾದ ಮೇಲೆ ಒಂದು ಗಳಿಗೆ ಮಲಗಿದ್ದ. "ಆವಿ ಸದ್ದು ಕೇಳ್ತು ರುಕ್ಮಿಣಮ್ಮನೋರೇ. ಅವನ ಸದ್ದು ಕೇಳ್ಲಿಲ್ಲ" ಎಂದರು. ಆ ಸದ್ದು ನಿದ್ದೆಯಲ್ಲಿ ಬರುತ್ತದೆ, ಎಚ್ಚರವಾದ ಮೇಲೆ ಮತ್ತೆ ನಿದ್ದೆ ಇಲ್ಲ, ಹೀಗೇ ವರ್ಷಗಳಿಂದ ಎಂದರು. ಇಷ್ಟು ಹೆದರಿಕೆ ಇಟ್ಟುಕೊಂಡು ಮತ್ತೆ ಬಾಯ್ಲರಿನ ಕೆಲಸವನ್ನೇ ಏಕೆ ಮಾಡುತ್ತೀರಿ ಎಂದು ಕೇಳಿದೆ. ಹೆದರಿಕೆ ಇಲ್ಲದವನ ಕೈಗೆ ಅದನ್ನು ಕೊಟ್ಟು ಹೋಗಲು ಮನಸ್ಸು ಬರಲಿಲ್ಲ ಎಂದರು.

ಆಮೇಲೆ ನಮಗೆ ಸ್ನೇಹವಾಯಿತು. ಸಿಟ್ಟೇನೂ ಕಡಿಮೆಯಾಗಲಿಲ್ಲ. ನನ್ನ ತಂಗಿಯ ಮದುವೆ ಯಲಹಂಕದಲ್ಲಾಯಿತು. ಕೈ ತೊಳೆಯಲು ಹಿಂದಕ್ಕೆ ಹೋದ ವರದರಾಜು, ಅಡುಗೆಯವರು ಇಡ್ಲಿಯ ದೊಡ್ಡ ಹಂಡೆಯ ಮುಚ್ಚಳಕ್ಕೆ ಸುತ್ತಲೂ ಹಿಟ್ಟು ಮೆತ್ತಿ, ಮೇಲೆ ರುಬ್ಬುವ ಗುಂಡು ಹೇರಿದ್ದನ್ನು ನೋಡಿಬಿಟ್ಟರು. ಇಡ್ಲಿ ಬೇಗ ಬೇಯಲಿ ಎಂದು ಮಾಡಿದ್ದು. ಇವರು ಒಲೆಯ ಸೌದೆಯನ್ನೆಲ್ಲ ಈಚೆಗೆ ಎಳೆದು, ಹಂಡೆಯ ಹತ್ತಿರ ಯಾರನ್ನೂ ಬಿಡದೆ, ತಣಿಯುವ ತನಕ ಕಾವಲು ನಿಂತರು. ಬೀಗರ ತಿಂಡಿ ತಡವಾಯಿತು. ನಮ್ಮಮ್ಮ ಸಾಯುವ ತನಕ ಅವರನ್ನು ಕ್ಷಮಿಸಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಅವರು ನಿವೃತ್ತರಾದರು. ಒಂದೆರಡು ವರ್ಷ ನನಗೆ ಅವರನ್ನು ನೋಡಲಾಗಲಿಲ್ಲ. ಮೈಗೆ ಹುಷಾರಿಲ್ಲವೆಂದು ತಿಳಿದು ಒಂದು ಭಾನುವಾರ ಬೆಳಗ್ಗೆ ಮೂಸಂಬಿ ತೆಗೆದುಕೊಂಡು ಯಶವಂತಪುರದ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಒರಗು ಕುರ್ಚಿಯಲ್ಲಿದ್ದರು. ಸಣ್ಣಗಾಗಿದ್ದರು, ಮೀಸೆ ಮಾತ್ರ ಒಪ್ಪವಾಗಿತ್ತು. ನಾನು ಮಾತಾಡಿದೆ, ಅವರು ಮುಖ ನೋಡಿದರು. ಅವರ ಹೆಂಡತಿ ಬಂದು, ಕಿವಿ ಪೂರ್ತಿ ಹೋಗಿದೆ ಎಂದರು. ಯಂತ್ರಗಳ ನಡುವೆ ಕಳೆದ ವರ್ಷಗಳೆಲ್ಲ ಸೇರಿ ಹಾಗೆ ಮಾಡಿದ್ದವು.

ನನಗೆ ದುಃಖವಾದದ್ದು ಮುಖದಲ್ಲಿ ಕಂಡಿರಬೇಕು. ಅವರು ಕೈಯಾಡಿಸಿದರು.

"ಪರವಾಗಿಲ್ಲ ಕಣ್ರೀ. ಈಗ ಒಳಗೂ ಸದ್ದಿಲ್ಲ. ಚೆನ್ನಾಗಿ ನಿದ್ದೆ ಬರ್ತದೆ" ಎಂದರು. ದನಿ ಎಷ್ಟು ಎತ್ತರಿಸಬೇಕೆಂದು ತಿಳಿಯದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಕೇಳುವುದಿಲ್ಲವೆಂದು ಗೊತ್ತಿದ್ದೂ, ಅಷ್ಟು ವರ್ಷ ಹೇಳದೇ ಉಳಿದದ್ದನ್ನೆಲ್ಲ ನಾನು ಹೇಳಿದೆ. ನನ್ನ ಹೆಂಗಸರ ಪರವಾಗಿ ಹೇಳಿದೆ, ನನ್ನ ಪರವಾಗಿಯೂ ಹೇಳಿದೆ. ಅವರು ಸಾವಧಾನವಾಗಿ ನನ್ನ ತುಟಿಗಳನ್ನೇ ನೋಡುತ್ತಿದ್ದು, ನಾನು ಮುಗಿಸಿದ ಮೇಲೆ ತಲೆದೂಗಿ, ಬಿಸಿಲು ಏರುವ ಮೊದಲು ಮನೆ ಸೇರಿಕೊಳ್ಳಿ, ಛತ್ರಿ ತಂದಿದ್ದೀರಾ ಎಂದು ಕೇಳಿದರು.

ಯುಗಾದಿ ಕಳೆದ ಮೇಲೆ ಅವರು ನಿದ್ದೆಯಲ್ಲೇ ಹೋದರೆಂದು ಸುದ್ದಿ ಬಂತು. ಆ ಮಾತು ತಂದವರು ಬಹಳ ಬೇಸರದಿಂದ ಹೇಳಿದರು. ನಾನು ಮಾತ್ರ, ನಿದ್ದೆಯಲ್ಲೇ ತಾನೆ ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡೆ.